ತುಂಬಿದ ತಂಬಿಗೆಯ ಮಾಸ್ತರರು

ಹೋದ ವಾರ ನಮ್ಮೂರು ಭೋಜದ ಶಾಲೆಯ ಪಡಸಾಲೆಯಲ್ಲಿ ಮಾಸ್ತರರಿಗೊಂದು ಶ್ರದ್ಧಾಂಜಲಿ ಸಭೆ ನಡೆಯಿತು. ಗೋಡೆಗೆ ಒರಗಿಸಿದ ಕುರ್ಚಿಯ ಮೇಲೆ ಅವರ ಫೋಟೋ ಇತ್ತು, ಅದಕ್ಕೊಂದು ಚೆಂಡು ಹೂವಿನ ಮಾಲೆ. ಫೋಟೋದ ಮುಂದೆ ಅವರದೇ ತಾಮ್ರದ ತಂಬಿಗೆ. ಮೌನ ಆಚರಿಸಿ ಎಲ್ಲರೂ ಕುಳಿತ ಮೇಲೆ ಮೊದಲು ಎದ್ದು ಮಾತಾಡಿದವರು ನಮ್ಮ ಮಾವನವರು. ಊರಿಗೆಲ್ಲ ಗೊತ್ತಿರುವ ಆ ಒಂದು ದಿನದ ಕತೆಯನ್ನು ಹೇಳಿ, ಅಂಥ ಹೊತ್ತಿನಲ್ಲೂ ಅವರ ಕೈಯಲ್ಲಿದ್ದ ತಂಬಿಗೆಯಿಂದ ಒಂದು ಹನಿ ನೀರು ಚೆಲ್ಲಲಿಲ್ಲ ಎಂದು ಮುಗಿಸುವುದರಲ್ಲಿದ್ದರು. ಅಷ್ಟರಲ್ಲಿ ಹಿಂದಿನ ಸಾಲಿನಿಂದ ಪಾಯಪ್ಪ ಕಾಕಾ, ಅಂದರೆ ಮಾವನವರ ಕಾಕಾನ ಮಗ, ಕುಳಿತಲ್ಲಿಂದಲೇ ಒಂದು ಮಾತು ಹಾಕಿದರು.

"ಎಲ್ಲಾ ಚೆಲ್ಲಿತ್ತು."

ಚೆಲ್ಲಲಿಲ್ಲ ಎಂದು ಇವರು, ಚೆಲ್ಲಿತ್ತು ಎಂದು ಅವರು. ಇಬ್ಬರಿಗೂ ಅರವತ್ತು ದಾಟಿದೆ, ಇಬ್ಬರೂ ಎದ್ದು ನಿಂತರು. ಶಾಂತಿಯ ಪಾಠ ಹೇಳಿ ಬದುಕಿದವರ ಫೋಟೋದ ಮುಂದೆಯೇ ಜಗಳ ಏರತೊಡಗಿತು. ಅಧ್ಯಕ್ಷತೆ ವಹಿಸಿದ್ದ ಹೆಡ್ ಮಾಸ್ತರರಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಆಗ ಯಾರೋ ಹಳೆಯ ರೂಢಿಯಂತೆ ಫೋಟೋದ ಮುಂದಿನ ತಂಬಿಗೆಯನ್ನು ಎತ್ತಿಕೊಂಡು ಹೋಗಿ, ಕಂಠಮಟ್ಟ ನೀರು ತುಂಬಿಸಿ ತಂದರು. ಇನ್ಯಾರೋ, ಆ ದಿನ ಇವರ ಮನೆಯ ಸೊಸೆಯೂ ಅಲ್ಲಿದ್ದಳು, ಅವಳನ್ನೇ ಕೇಳಿರಿ ಎಂದರು. ತಂಬಿಗೆ ನನ್ನ ಕೈಗೆ ಬಂತು.

ಅಲ್ಲಿ ನಾನು ಹೇಳಿದ್ದನ್ನು ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತಿದ್ದೇನೆ. ತುಂಬಿದ ತಂಬಿಗೆ ಹಿಡಿದುಕೊಂಡು ಹೆಚ್ಚು ಹೊತ್ತು ಮಾತಾಡಲು ಬರುವುದಿಲ್ಲ. ಈಗ ಕೈ ಖಾಲಿ ಇದೆ. ಆದರೂ ಆ ದಿನವನ್ನು ನೆನೆದರೆ ನಗಬೇಕೋ ಹೆದರಬೇಕೋ ನನಗೆ ಇನ್ನೂ ತಿಳಿದಿಲ್ಲ. ಆದ್ದರಿಂದ ಕಂಡದ್ದನ್ನು ಕಂಡಷ್ಟೇ, ನಿಧಾನವಾಗಿ ಬರೆಯುತ್ತೇನೆ.

ಅವರ ಹೆಸರು ಇಲ್ಲಿ ಬೇಡ. ನಿಪ್ಪಾಣಿಯಿಂದ ಅಥಣಿಯವರೆಗೆ ಅವರನ್ನು ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಶಾಂತಿ ಮಾಸ್ತರ ಎಂದರೆ ಸಾಕಿತ್ತು. ಅವರು ಯಾವ ಶಾಲೆಯಲ್ಲೂ ಮಾಸ್ತರಿಕೆ ಮಾಡಿದವರಲ್ಲ. ಕಾಗವಾಡದ ಕಡೆಯ ಒಂದು ಹಳ್ಳಿಯವರು, ಮಿಲಿಟರಿಯಿಂದ ಪೆನ್ಶನ್ ಆಗಿ ಬಂದವರು. ವಯಸ್ಸಿನಲ್ಲಿದ್ದಾಗ ಅವರನ್ನು ಯಾವುದೋ ಮರಳುಗಾಡಿನ ದೇಶಕ್ಕೆ ಕಳಿಸಿದ್ದರಂತೆ, ಯುದ್ಧ ಮಾಡಲಿಕ್ಕಲ್ಲ, ಯುದ್ಧ ಮಾಡುವವರ ನಡುವೆ ನೀಲಿ ಟೊಪ್ಪಿಗೆ ಹಾಕಿಕೊಂಡು ನಿಂತಿರಲಿಕ್ಕೆ. ಅಲ್ಲಿ ಅವರದು ನೀರು ಹಂಚುವ ಕೆಲಸ. ಈ ಕಡೆಯ ಸೈನ್ಯದವರೂ ಆ ಕಡೆಯವರೂ ಡಬ್ಬಿ ಹಿಡಿದುಕೊಂಡು ಇವರ ಟ್ಯಾಂಕಿಗೇ ಬರುತ್ತಿದ್ದರು. ನೀರು ತುಂಬಿದ ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದವನು ಬಂದೂಕು ಎತ್ತಿದ್ದನ್ನು ತಾವು ಒಂದು ಸಲವೂ ನೋಡಲಿಲ್ಲ ಎಂದು ಹೇಳುತ್ತಿದ್ದರು. ಅವರ ಇಡೀ ವಿದ್ಯೆ ಅಲ್ಲಿಂದ ಬಂದದ್ದು.

ಊರಿಗೆ ಬಂದ ಮೇಲೆ ಅವರು ನಿಪ್ಪಾಣಿಯ ಪ್ರೆಸ್ಸಿನಲ್ಲಿ ಕಾರ್ಡು ಅಚ್ಚು ಹಾಕಿಸಿದರು: ಶಾಂತಿ ಮತ್ತು ಸುರಕ್ಷತೆ, ಸ್ವತಂತ್ರ ತರಬೇತುದಾರರು ಹಾಗೂ ಸಲಹೆಗಾರರು. ಒಂದು ಬದಿ ಕನ್ನಡ, ಇನ್ನೊಂದು ಬದಿ ಮರಾಠಿ. ಯಾವ ಸರಕಾರವೂ ಯಾವ ಸಂಘವೂ ಅವರನ್ನು ನೇಮಿಸಿರಲಿಲ್ಲ. ಸ್ವತಂತ್ರ ಎಂದರೆ ಏನು ಮಾಸ್ತರ್ರ ಎಂದು ಕೇಳಿದವರಿಗೆ, ಕರೆದರೆ ಬರುತ್ತೇನೆ, ಕರೆಯದಿದ್ದರೂ ಬರುತ್ತೇನೆ ಎಂದು ಹೇಳುತ್ತಿದ್ದರು.

ಮೊದಮೊದಲು ಜನ ನಕ್ಕರು. ಪೊಲೀಸರು ಇರುವಾಗ ಇವನ್ಯಾರು ಎಂದರು. ಆದರೆ ರಾಯಬಾಗದ ಕಡೆಯ ಒಂದು ಸೊಸೈಟಿಯವರು ಪ್ರತಿ ವರ್ಷ ಸಾಮಾನ್ಯ ಸಭೆಯಲ್ಲಿ ಕುರ್ಚಿ ಎಸೆದಾಡಿ ಬೇಸತ್ತು ಇವರನ್ನು ಕರೆಸಿದರು. ಇವರು ಸಭೆಯ ಮುಂಚೆ ಹೋಗಿ ಎಲ್ಲ ಕುರ್ಚಿಗಳನ್ನೂ ಒಂದಕ್ಕೊಂದು ಹಗ್ಗದಿಂದ ಬಿಗಿದರು. ಸಭೆಯಲ್ಲಿ ಸಿಟ್ಟು ಬಂದ ಸದಸ್ಯರೊಬ್ಬರು ಕುರ್ಚಿ ಎತ್ತಲು ಹೋದರೆ ಇಡೀ ಸಾಲು, ಮೇಲೆ ಕುಳಿತವರ ಸಮೇತ, ಸ್ವಲ್ಪ ಅಲುಗಿತಂತೆ ಅಷ್ಟೆ. ಕುಳಿತವರೆಲ್ಲ ತಿರುಗಿ ನೋಡಿದರು. ಅವರು ಕೈ ಬಿಟ್ಟು ಕುಳಿತರು. ಇದು ಅವರ ಸುರಕ್ಷತೆಯ ಪಾಠ.

ಅಥಣಿಯ ದ್ರಾಕ್ಷಿ ತೋಟದ ಕಾವಲುಗಾರರಿಗೂ ಕಲಿಸಿದ್ದರು. ಕಳ್ಳ ಬಂದರೆ ಹಿಡಿಯಬೇಡಿ, ಮೊದಲು ಅವನಿಗೆ ಓಡಲು ಒಂದು ದಾರಿ ಬಿಡಿ, ಆಮೇಲೆ ಸೀಟಿ ಊದಿ ಎಂದು. ತೋಟದ ಮಾಲೀಕರಿಗೆ ಇದು ಹಿಡಿಸಲಿಲ್ಲ. ಕಾವಲುಗಾರರಿಗೆ ಬಹಳ ಹಿಡಿಸಿತು.

ನಿಪ್ಪಾಣಿಯಲ್ಲಿ ಅವರು ಮಾಡಿದ್ದನ್ನು ನಾನು ನೋಡಿಲ್ಲ, ನಮ್ಮ ಅತ್ತೆ ನೋಡಿ ಬಂದು ಹೇಳಿದ್ದರು. ತಂಬಾಕಿನ ಅಡತಿ ಅಂಗಡಿಯಲ್ಲಿ ಇಬ್ಬರು ಮರಾಠಿಯಲ್ಲಿ ಬೈದಾಡುತ್ತಿದ್ದರಂತೆ. ಇವರು ನಡುವೆ ಹೋಗಿ, ಅದೇ ಬೈಗಳನ್ನು ಕನ್ನಡದಲ್ಲಿ ಹೇಳಿರಿ, ನನಗೆ ಸರಿಯಾಗಿ ತಿಳಿಯಲಿ ಎಂದರಂತೆ. ನಮ್ಮ ಕಡೆ ಎಲ್ಲರಿಗೂ ಎರಡೂ ಭಾಷೆ ಬರುತ್ತವೆ, ಆದರೆ ಸಿಟ್ಟು ಬಂದಾಗ ಬಾಯಿಗೆ ಬರುವುದು ಒಂದೇ. ಬೈಯುವವನು ನಿಂತು, ಆಕಾಶ ನೋಡಿ, ಪಕ್ಕದವನನ್ನು ಕೇಳಿ, ಕಡೆಗೆ ಯಾರಿಗೆ ಬೈಯುತ್ತಿದ್ದನೋ ಅವನನ್ನೇ ಕೇಳಿದನಂತೆ. ಅವನು ಹೇಳಿಕೊಟ್ಟನಂತೆ. ಅಲ್ಲಿಗೆ ಮುಗಿಯಿತು.

ಆದರೆ ಅವರ ಮುಖ್ಯ ಸಾಧನ ತಂಬಿಗೆ. ಅವರ ತಗಡಿನ ಟ್ರಂಕಿನಲ್ಲಿ ಬಟ್ಟೆಗಿಂತ ತಂಬಿಗೆಗಳೇ ಹೆಚ್ಚು. ತರಬೇತಿಗೆ ಕುಳಿತವರು ಮಾತಾಡಬೇಕಾದರೆ ಕಂಠಮಟ್ಟ ತುಂಬಿದ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನಿಲ್ಲಬೇಕು. ನೀರು ಚೆಲ್ಲಿದರೆ ಅವರ ಮಾತು ಅಲ್ಲಿಗೆ ಮುಗಿಯಿತು, ಕುಳಿತುಕೊಳ್ಳಬೇಕು. ಇದೊಂದೇ ನಿಯಮ. ಖಾಲಿ ಕೈ ಬಹಳ ಕೆಟ್ಟದ್ದು, ಕೈಯಲ್ಲಿ ಏನಾದರೂ ಇರಬೇಕು ಎಂದು ಹೇಳುತ್ತಿದ್ದರು. ಒಂದು ಜಗಳ ಬಗೆಹರಿದರೆ ಅವರ ಫೀ ಒಂದು ಊಟ. ಅದಕ್ಕೂ ಒಂದು ಕರಾರು: ಒಂದು ಪಕ್ಷದವರ ಮನೆಯ ಜೋಳದ ಭಕ್ರಿ, ಇನ್ನೊಂದು ಪಕ್ಷದವರ ಮನೆಯ ಪಲ್ಯ, ಒಂದೇ ತಾಟಿನಲ್ಲಿ.

ನಮ್ಮಂಥ ಜೈನರ ಮನೆಯ ಜಗಳವೆಂದರೆ ಅವರಿಗೆ ಹೆಚ್ಚು ಇಷ್ಟ. ಹೊತ್ತು ಮುಳುಗಿದ ಮೇಲೆ ನಾವು ಉಣ್ಣುವುದಿಲ್ಲ. ಹಾಗಾಗಿ ಇವರ ಜಗಳಕ್ಕೆ ಒಂದು ಟೈಮ್ ಇದೆ, ಹಸಿವಾದರೆ ತಾವಾಗಿ ಮುಗಿಸುತ್ತಾರೆ ಎಂಬುದು ಅವರ ಲೆಕ್ಕ.

ನೋಡಲು ಸಣ್ಣ ಆಳು. ಇಸ್ತ್ರಿ ಮಾಡಿದ ಖಾಕಿ ಚಡ್ಡಿ, ಬಿಳಿ ಅಂಗಿ, ತಲೆಗೆ ನೀಲಿ ಉಲನ್ ಟೊಪ್ಪಿಗೆ. ಮಿಲಿಟರಿಯ ಟೊಪ್ಪಿಗೆ ಯಾವಾಗಲೋ ಹರಿದು ಹೋಗಿ, ಅದೇ ಬಣ್ಣದ ಉಲನ್ ತಂದು ಹೆಂಡತಿಯಿಂದ ಹೆಣೆಸಿಕೊಂಡಿದ್ದರು. ಬೇಸಿಗೆಯಲ್ಲೂ ಅದೇ. ಬೆವರು ಕಿವಿಯ ಹಿಂದಿನಿಂದ ಇಳಿಯುತ್ತಿತ್ತು. ಇಂಜಿನ್ನಿನ ಸಪ್ಪಳಕ್ಕೆ ಬಹಳ ಹೆದರುತ್ತಿದ್ದರು. ಬಸ್ಸು ಗೇರು ಬದಲಿಸಿದರೆ ಮುಂದಿನ ಸೀಟಿನ ಸರಳನ್ನು ಹಿಡಿದು ಕಣ್ಣು ಮುಚ್ಚುತ್ತಿದ್ದರಂತೆ. ಅದಕ್ಕೇ ಯಾವ ಊರಿಗೆ ಬಂದರೂ ಒಂದು ಸ್ಟಾಪು ಮೊದಲೇ ಇಳಿದು, ತಲೆಯ ಮೇಲೆ ಟ್ರಂಕು ಹೊತ್ತು ನಡೆದು ಬರುತ್ತಿದ್ದರು. ನಮ್ಮೂರ ಹುಡುಗರು ಅವರ ಹಿಂದೆ ಹೋಗಿ ಬಾಯಿಯಿಂದ ಬುರ್ ಎಂದು ಮಾಡಿದರೆ ಅವರು ರಸ್ತೆಯ ಬದಿಗೆ ಹಾರುತ್ತಿದ್ದರು. ಆಮೇಲೆ ತಾವೂ ನಗುತ್ತಿದ್ದರು.

ಈಗ ನಮ್ಮ ಮನೆಯ ಜಗಳಕ್ಕೆ ಬರುತ್ತೇನೆ. ನಾನು ಮದುವೆಯಾಗಿ ಬಂದ ಹೊಸತು.

ಮಾವನವರ ಹೊಲ ಹಿಂದೆ, ಪಾಯಪ್ಪ ಕಾಕಾರ ಹೊಲ ಮುಂದೆ. ನಮ್ಮ ಕಬ್ಬು ಹೊರಗೆ ಬರಬೇಕಾದರೆ ಅವರ ಹೊಲದ ಬದುವಿನ ಗಾಡಿದಾರಿಯಲ್ಲೇ ಬರಬೇಕು. ಹಿರಿಯರ ಕಾಲದಿಂದ ಹಾಗೇ ನಡೆದಿತ್ತು. ಆ ವರ್ಷ ಕಾಕಾ ಹೊಸ ಟ್ರ್ಯಾಕ್ಟರ್ ತಂದರು. ಅದಕ್ಕೆ ಕುಂಕುಮ ಹಚ್ಚಿ, ಹೂ ಏರಿಸಿ, ಎಲ್ಲರಿಗೂ ಪೇಢೆ ಹಂಚಿ, ಅಣ್ಣ ಏನು ಹೇಳುತ್ತಾನೋ ಎಂದು ಕಾದು ನಿಂತರು. ಮಾವನವರು ಟ್ರ್ಯಾಕ್ಟರಿನ ಸುತ್ತ ಒಂದು ಸುತ್ತು ಬಂದು, ಬಾನೆಟ್ಟಿನ ಮೇಲೆ ಕೈಯಾಡಿಸಿ, ಎಲ್ಲರೆದುರು ಹೇಳಿದರು:

"ಬಣ್ಣ ಚಲೋ ಐತಿ."

ಅಷ್ಟೇ ಹೇಳಿದರು. ಅವರಿಗೆ ಆ ಹೊತ್ತಿಗೆ ಬೇರೆ ಏನೂ ತೋಚಲಿಲ್ಲ ಎಂದು ಅತ್ತೆ ಇಂದಿಗೂ ಹೇಳುತ್ತಾರೆ. ಆದರೆ ಕಾಕಾನ ಮುಖ ಬಾಡಿತು. ಅಷ್ಟು ದೊಡ್ಡ ಗಾಡಿಯಲ್ಲಿ ಇವನಿಗೆ ಬಣ್ಣ ಒಂದೇ ಕಂಡಿತೇ ಎಂದು ಊರ ತುಂಬ ಹೇಳಿಕೊಂಡು ತಿರುಗಿದರು. ಮರುವಾರ ಅದೇ ಟ್ರ್ಯಾಕ್ಟರಿನಿಂದ ಗಾಡಿದಾರಿಯನ್ನು ಉತ್ತು ಹಾಕಿದರು. ನನ್ನ ಹೊಲದಲ್ಲಿ ಯಾರಿಗೂ ಹಾದಿ ಇಲ್ಲ ಎಂದರು.

ಅಷ್ಟರಲ್ಲಿ ನಮ್ಮ ಕಬ್ಬು ಕಡಿಯುವ ಪಾಳಿ ಬಂತು. ಕಾರ್ಖಾನೆಯ ಕಡೆಯಿಂದ ಕಡಿಯುವವರ ಟೋಳಿ ಬಂದು, ಊರ ಹೊರಗೆ ಗುಡಿಸಲು ಹಾಕಿಕೊಂಡು ಕುಳಿತಿತು. ಟೋಳಿಯ ಮುಖ್ಯಸ್ಥ ಮುಕಾದಮ ಮನೆಗೆ ಬಂದು, ಹಾದಿ ಇಲ್ಲದೆ ಕಡಿದರೆ ಕಬ್ಬು ಹೊಲದಲ್ಲೇ ಒಣಗುತ್ತದೆ, ನಾಳೆ ಒಂದು ದಿನ ನೋಡಿ ಬೋರಗಾಂವ ಕಡೆ ಹೊರಟೆವು ಎಂದು ಮೆತ್ತಗೇ ಹೇಳಿ ಹೋದ. ಈ ಪಾಳಿ ತಪ್ಪಿದರೆ ಹಂಗಾಮಿನ ಕೊನೆಯವರೆಗೆ ಕಾಯಬೇಕು. ಅಷ್ಟರಲ್ಲಿ ಕಬ್ಬು ಹೂವಿನ ತುರಾಯಿ ಬಿಟ್ಟು ಒಳಗೆ ಬೆಂಡಾಗುತ್ತದೆ. ಆ ವರ್ಷ ನಮ್ಮ ಮನೆಗೆ ಇದ್ದದ್ದು ಅದೊಂದೇ ಪೀಕು. ಅತ್ತೆ ಮಾವನವರನ್ನು ಕೇಳದೇ ಶಾಂತಿ ಮಾಸ್ತರರಿಗೆ ಹೇಳಿ ಕಳಿಸಿದರು.

ಅವರು ಮರುದಿನ ಮಧ್ಯಾಹ್ನಕ್ಕೆ ಬಂದರು. ಸೊಸೈಟಿಯ ಕಟ್ಟೆಯ ಮೇಲೆ ತರಬೇತಿ. ಅರ್ಧ ಊರು ಕೂಡಿತು. ನಮ್ಮ ಮನೆಯಲ್ಲಿ ನಾನು ಭಕ್ರಿ ಬಡಿದು ಇಟ್ಟಿದ್ದೆ, ಕಾಕಾನ ಮನೆಯಲ್ಲಿ ಅವರ ಹೆಂಡತಿ ಕಾಕು ಹೆಸರುಕಾಳಿನ ಪಲ್ಯ ಮಾಡಿಟ್ಟಿದ್ದರು. ಎರಡೂ ಮುಚ್ಚಿಟ್ಟು ನಾವಿಬ್ಬರೂ ಕಟ್ಟೆಯ ಬದಿಗೆ ನಿಂತೆವು.

ಮೊದಲು ತಂಬಿಗೆ ಹಿಡಿದು ಇಬ್ಬರೂ ತಮ್ಮತಮ್ಮ ಮಾತು ಹೇಳಿದರು. ಬೇಗ ಬೇಗ ಚೆಲ್ಲಿದರು. ಆಮೇಲೆ ಮಾಸ್ತರರು ತಮ್ಮ ದೊಡ್ಡ ಪಾಠಕ್ಕೆ ಬಂದರು. ಇಬ್ಬರ ತಲೆಯ ಮೇಲಿನ ಗಾಂಧಿ ಟೊಪ್ಪಿಗೆಗಳನ್ನು ತೆಗೆಸಿ ಅದಲುಬದಲು ಮಾಡಿದರು. ಈಗ ನೇಮಣ್ಣ ಪಾಯಪ್ಪ ಆಗಬೇಕು, ಪಾಯಪ್ಪ ನೇಮಣ್ಣ ಆಗಬೇಕು, ಎದುರಿನವನ ಪರವಾಗಿ ವಾದ ಮಾಡಬೇಕು. ನೇಮಣ್ಣ ಎಂದರೆ ನಮ್ಮ ಮಾವನವರು.

ನಮ್ಮೂರಲ್ಲಿ ನಾಟಕ ಆಡದ ಗಂಡಸು ಸಿಗುವುದು ಕಷ್ಟ. ಅದನ್ನು ಮಾಸ್ತರರು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಮಾವನವರು ಕಾಕಾನ ದೊಡ್ಡ ಟೊಪ್ಪಿಗೆ ಕಿವಿಯವರೆಗೆ ಇಳಿಬಿಟ್ಟುಕೊಂಡು ಎದ್ದರು. ಹಾದಿ ಏಕೆ ಕೊಡಬಾರದು ಎಂದು ಶುರು ಮಾಡಿದರು. ಗಾಡಿಯ ಗಾಲಿ ಓಡಾಡಿದ ನೆಲ ಕಲ್ಲಾಗುತ್ತದೆ ಎಂದರು. ಇವತ್ತು ಗಾಡಿದಾರಿ ಎನ್ನುವವರು ನಾಳೆ ತಮ್ಮ ಜಾಗ ಎನ್ನುತ್ತಾರೆ ಎಂದರು. ಕಾಕಾನಿಗೇ ಹೊಳೆಯದಿದ್ದ ಕಾರಣಗಳನ್ನೆಲ್ಲ ಹೇಳಿದರು, ಒಂದು ಹನಿ ಚೆಲ್ಲದೆ. ಜನ ಚಪ್ಪಾಳೆ ಹೊಡೆದರು. ಆಮೇಲೆ ಕಾಕಾ ಮಾವನವರ ಸಣ್ಣ ಟೊಪ್ಪಿಗೆಯನ್ನು ನೆತ್ತಿಯ ಮೇಲೆ ಕೂರಿಸಿಕೊಂಡು ಎದ್ದರು. ಕಬ್ಬು ನಾನು ಆಕಾಶದಲ್ಲಿ ಒಯ್ಯಲೇ ಎಂದರು. ಒಬ್ಬನೇ ಅಜ್ಜನ ಮೊಮ್ಮಕ್ಕಳಲ್ಲವೇ ನಾವು ಎಂದರು. ಮನೆಗೆ ಹೊಸ ಸೊಸೆ ಬಂದಿದ್ದಾಳೆ, ಅವಳ ಮುಂದೆ ನಾನು ಒಣಗಿದ ಕಬ್ಬು ಇಟ್ಟುಕೊಂಡು ಕೂರಬೇಕೇ ಎಂದು ನನ್ನ ಕಡೆ ನೋಡಿ ಅತ್ತೇ ಬಿಟ್ಟರು. ಕಣ್ಣೀರು ತಂಬಿಗೆಯೊಳಗೇ ಬಿತ್ತು, ತಂಬಿಗೆಯ ನೀರು ಹೊರಗೆ ಬರಲಿಲ್ಲ. ಹೆಂಗಸರೂ ಕಣ್ಣೊರೆಸಿಕೊಂಡರು. ನಾನೂ ಒರೆಸಿಕೊಂಡೆ.

ಮಾಸ್ತರರು ಬಹಳ ಸಂತೋಷದಿಂದ ಟೊಪ್ಪಿಗೆಗಳನ್ನು ಮತ್ತೆ ಅವರವರಿಗೆ ಕೊಟ್ಟು, ಈಗ ನಿಮ್ಮ ನಿಮ್ಮ ಮಾತು ಹೇಳಿರಿ ಎಂದರು.

ಕಾಕಾ ಹೇಳಿದರು: "ಹಾದಿ ಕೊಟ್ಟೀನಿ. ನಾಳಿಗೇ ಗಾಡಿ ಹೂಡ ಅಣ್ಣಾ."

ಮಾವನವರು ಟೊಪ್ಪಿಗೆ ಸರಿ ಮಾಡಿಕೊಂಡು ಹೇಳಿದರು: "ನಾ ಒಯ್ಯಂಗಿಲ್ಲ. ಈಗ ನಾ ಹೇಳಿದ್ದರಾಗ ಏನ ಸುಳ್ಳ ಐತಿ? ಗಾಲಿ ಓಡ್ಯಾಡಿದ್ರ ನಿನ್ನ ಹೊಲ ಹಾಳ ಆಗತೈತಿ."

"ಆಗಲಿ. ನಾ ಅತ್ತದ್ದು ಸುಳ್ಳನ?"

"ನೀ ಅತ್ತದ್ದು ಚಲೋ ಅತ್ತಿ. ಖರೆ, ನಾ ಹೇಳಿದ್ದಕ್ಕ ಇನ್ನೂ ಯಾರೂ ಉತ್ತರ ಕೊಟ್ಟಿಲ್ಲ."

ಜನ ಮೊದಲು ನಕ್ಕರು. ಆಮೇಲೆ ಇದು ಆಟವಲ್ಲ ಎಂದು ತಿಳಿದು ಸುಮ್ಮನಾದರು. ತುಂಬಿದ ಊರಿನ ಮುಂದೆ ಗೆದ್ದ ವಾದವನ್ನು ಬಿಟ್ಟುಕೊಡಲು ಇಬ್ಬರೂ ಒಪ್ಪಲಿಲ್ಲ. ಒಯ್ಯಲೇಬೇಕು ಎಂದು ಅವರು, ಒಯ್ಯುವುದಿಲ್ಲ ಎಂದು ಇವರು. ಬೆಳಿಗ್ಗೆ ಹಾದಿ ಇರಲಿಲ್ಲ ಎಂದು ಕಬ್ಬು ನಿಂತಿತ್ತು. ಈಗ ಹಾದಿ ಇದೆ, ಕಬ್ಬು ಅಲ್ಲೇ ನಿಂತಿತ್ತು.

ನಾನು ಮಾಸ್ತರರ ಮುಖ ನೋಡಿದೆ. ಅವರು ನೀಲಿ ಟೊಪ್ಪಿಗೆಯನ್ನು ತೆಗೆದು, ಅದರೊಳಗೆ ಏನೋ ಇದೆಯೇನೋ ಎನ್ನುವಂತೆ ಇಣುಕಿ ನೋಡಿ, ಮತ್ತೆ ಹಾಕಿಕೊಂಡರು. ಹೀಗೆ ಎಲ್ಲೂ ಆಗಿರಲಿಲ್ಲ ಎಂದು ಕಾಕುಗೆ ಹೇಳಿದರಂತೆ.

ಹೊತ್ತು ಮುಳುಗಿತು. ನಮ್ಮ ಮನೆಯ ಭಕ್ರಿಗೆ ಪಲ್ಯ ಬರಲಿಲ್ಲ, ಅವರ ಮನೆಯ ಪಲ್ಯಕ್ಕೆ ಭಕ್ರಿ ಹೋಗಲಿಲ್ಲ. ಸಣ್ಣ ಮಕ್ಕಳಿಗೆ ಮೊದಲೇ ಉಣಿಸಿದ್ದೆವು, ದೊಡ್ಡವರು ಎರಡೂ ಮನೆಯಲ್ಲಿ ಹಾಗೇ ಮಲಗಿದರು. ಮಾಸ್ತರರಿಗೆ ಹೊತ್ತಿನ ಕಟ್ಟು ಇರಲಿಲ್ಲ, ಆದರೆ ಫೀ ಇನ್ನೂ ಗಳಿಸಿಲ್ಲ ಎಂದು ಅವರೂ ಉಣ್ಣಲಿಲ್ಲ. ಸೊಸೈಟಿಯ ಕಟ್ಟೆಯ ಮೇಲೆ ಟ್ರಂಕಿಗೆ ತಲೆಯಿಟ್ಟು ಮಲಗಿದರು.

ಮರುದಿನ ಬೆಳಿಗ್ಗೆ ನಾನು ಹೊಲಕ್ಕೆ ಮಜ್ಜಿಗೆಯ ಕೊಡ ತೆಗೆದುಕೊಂಡು ಹೋದಾಗ ಕಂಡದ್ದು ಇದು. ಕಾಕಾ ತಾವು ಉತ್ತು ಹಾಕಿದ್ದ ದಾರಿಯ ಮೇಲೆ ಟ್ರ್ಯಾಕ್ಟರ್ ಓಡಿಸಿ ಓಡಿಸಿ ಗಟ್ಟಿ ಮಾಡುತ್ತಿದ್ದರು, ನಮ್ಮ ಗಾಡಿ ಹೋಗಲಿ ಎಂದು. ಹಿಂದಿನಿಂದ ಮಾವನವರು ಎತ್ತು ಹೂಡಿಕೊಂಡು ಬಂದು ಅದೇ ದಾರಿಯನ್ನು ಮತ್ತೆ ಉಳುತ್ತಿದ್ದರು, ತಮ್ಮನ ಹೊಲ ಹಾಳಾಗದಿರಲಿ ಎಂದು. ನಮ್ಮ ಯಜಮಾನರು ಬದುವಿನ ಮೇಲೆ ಬಾಯಿ ತೆರೆದು ನಿಂತಿದ್ದರು. ಸ್ವಲ್ಪ ದೂರದಲ್ಲಿ ಟೋಳಿಯ ಮುಕಾದಮ ಕುಡುಗೋಲು ಕಂಕುಳಲ್ಲಿಟ್ಟುಕೊಂಡು ನೋಡುತ್ತಿದ್ದ. ಅವನ ಟೋಳಿ ಗುಡಿಸಲು ಕೀಳಲು ಶುರು ಮಾಡಿತ್ತು.

ಟ್ರ್ಯಾಕ್ಟರ್ ಆ ತುದಿಯಲ್ಲಿ ತಿರುಗಿ ಈ ಕಡೆ ಬಂತು. ಮಾವನವರು ಎತ್ತುಗಳನ್ನು ಬದಿಗೆ ಬಿಟ್ಟು ದಾರಿಯ ನಡುವೆ ನಿಂತರು. ಬದಿಗೆ ಸರಿ ಎಂದು ಕಾಕಾ ಕೂಗಿದರು, ಸರಿಯುವುದಿಲ್ಲ ಎಂದು ಇವರು ಕೂಗಿದರು. ಇಬ್ಬರೂ ಹಿಂದಿನ ದಿನದಿಂದ ಉಂಡಿರಲಿಲ್ಲ.

ಇಲ್ಲಿಂದ ನಾನು ಬಹಳ ಎಚ್ಚರದಿಂದ ಬರೆಯಬೇಕು. ಕಾಕಾನಿಗೆ ಗಾಡಿ ನಿಲ್ಲಿಸುವ ಮನಸ್ಸಿತ್ತು. ಅದನ್ನು ನಾನು ಅವರ ಮುಖದಲ್ಲಿ ಕಂಡೆ. ಆದರೆ ಜೀವಮಾನವಿಡೀ ಎತ್ತು ಹೊಡೆದವರು, ಟ್ರ್ಯಾಕ್ಟರ್ ಕಲಿತದ್ದು ಆ ವರ್ಷ. ಗಾಬರಿಯಲ್ಲಿ ಅವರು ಸ್ಟೇರಿಂಗನ್ನು ಮೂಗುದಾರದ ಹಾಗೆ ಎರಡೂ ಕೈಯಲ್ಲಿ ಎದೆಗೆ ಎಳೆದುಕೊಂಡು "ಹೋ, ಹೋ" ಎಂದರು. ನಮ್ಮ ಎತ್ತುಗಳು ನಿಂತವು. ಟ್ರ್ಯಾಕ್ಟರ್ ನಿಲ್ಲಲಿಲ್ಲ.

ನನ್ನ ಕೈಯಿಂದ ಕೊಡ ಬಿತ್ತು. ಆಗ ಬದುವಿನ ಆ ಕಡೆಯಿಂದ ನೀಲಿ ಟೊಪ್ಪಿಗೆ ಓಡಿ ಬಂತು. ಬೆಳಗಿನ ತರಬೇತಿಗೆಂದು ತಂಬಿಗೆ ತುಂಬಿಕೊಂಡು ಬರುತ್ತಿದ್ದರೋ, ಇಲ್ಲವೇ ಅವರು ತಂಬಿಗೆ ಇಲ್ಲದೆ ಎಲ್ಲಿಗೂ ಓಡುತ್ತಲೇ ಇರಲಿಲ್ಲವೋ ನನಗೆ ಗೊತ್ತಿಲ್ಲ. ಮಾವನವರ ಮುಂದೆ ಬಂದು, ಟ್ರ್ಯಾಕ್ಟರಿಗೆ ಎದುರಾಗಿ, ತಂಬಿಗೆಯನ್ನು ಎರಡೂ ಕೈಯಲ್ಲಿ ಮುಂದೆ ಹಿಡಿದು ನಿಂತರು. ಬಸ್ಸಿನ ಗೇರಿಗೆ ಕಣ್ಣು ಮುಚ್ಚುವವರು ಆಗ ಕಣ್ಣು ತೆರೆದೇ ಇದ್ದರು. ಕಾಕಾನ ಕಾಲಿಗೆ ಕಡೆಗೂ ಬ್ರೇಕು ಸಿಕ್ಕಿತು. ಟ್ರ್ಯಾಕ್ಟರ್ ಒಮ್ಮೆ ಮುಗ್ಗರಿಸಿ ನಿಂತಿತು. ನಿಲ್ಲುವಾಗ ಅದರ ಮೂತಿ ತಂಬಿಗೆಗೆ ತಾಗಿ ಟಣ್ ಎಂದಿತು. ದೇವರ ಮುಂದಿನ ಸಣ್ಣ ಗಂಟೆಯಷ್ಟು ಸದ್ದು. ಆಗ ಬಿದ್ದ ತಗ್ಗು ಈಗಲೂ ತಂಬಿಗೆಯ ಹೊಟ್ಟೆಯಲ್ಲಿದೆ.

ಇಂಜಿನ್ ಬಂದ್ ಆಯಿತು. ಮಾವನವರು ಮಾಸ್ತರರ ಬೆನ್ನ ಹಿಂದಿನಿಂದ ಬದಿಗೆ ಬಂದು, ಮುಂದಿನ ಗಾಲಿಯನ್ನು ನೋಡಿದರು. ಬಗ್ಗಿ ಮತ್ತೊಮ್ಮೆ ನೋಡಿದರು.

"ಬ್ರೇಕ ಚಲೋ ಅದಾವ," ಎಂದರು.

ಕಾಕಾ ಮೇಲಿಂದ ಕೇಳಿದರು, "ಏನಂದಿ ಅಣ್ಣಾ?"

"ಬ್ರೇಕ ಚಲೋ ಅದಾವ ಅಂದೆ. ಗಾಡಿನೂ ಚಲೋ ಐತಿ. ಭಾಳ ಚಲೋ ಗಾಡಿ ತಂದಿ ಪಾಯಪ್ಪಾ."

ಕಾಕಾ ಸ್ಟೇರಿಂಗಿನ ಮೇಲೆ ತಲೆಯಿಟ್ಟು ಅತ್ತರು. ಹಿಂದಿನ ದಿನ ಕಟ್ಟೆಯ ಮೇಲೆ ಅತ್ತಷ್ಟು ಚೆನ್ನಾಗಿ ಅಳಲಿಲ್ಲ, ಮೂಗು ಸುರಿಯಿತು. ಆಮೇಲೆ ಇಳಿದು ಬಂದು, ನಿನ್ನ ಕಬ್ಬನ್ನು ಇದರಲ್ಲೇ ಹೇರುತ್ತೇನೆ ಎಂದರು. ಹೊಲ ಹಾಳಾಗುತ್ತದೆ ಎಂದರು ಮಾವನವರು. ಆಗಲಿ ಎಂದರು ಕಾಕಾ. ನೀನೇ ಆಗಲಿ ಎಂದ ಮೇಲೆ ಆಗಲಿ ಬಿಡು ಎಂದರು ಮಾವನವರು. ಮುಕಾದಮ ಟೋಳಿಯ ಕಡೆ ಸೀಟಿ ಹೊಡೆದ. ಗುಡಿಸಲು ಕೀಳುವುದು ನಿಂತಿತು. ಅಣ್ಣ ತಮ್ಮ ಇಬ್ಬರೂ ಟ್ರ್ಯಾಕ್ಟರಿನ ಸುತ್ತ ತಿರುಗುತ್ತ ಒಂದೊಂದೇ ಭಾಗವನ್ನು ಮುಟ್ಟಿ ನೋಡತೊಡಗಿದರು. ಎಲ್ಲರೂ ಅವರನ್ನೇ ನೋಡುತ್ತಿದ್ದರು.

ಮಾಸ್ತರರನ್ನು ಯಾರೂ ನೋಡುತ್ತಿರಲಿಲ್ಲ. ನಾನು ನೋಡಿದೆ. ಅವರು ನಿಂತಲ್ಲೇ ನಿಂತಿದ್ದರು, ಎರಡೂ ಕೈಯಲ್ಲಿ ತಂಬಿಗೆ ಮುಂದೆ ಹಿಡಿದು. ಅಂಗಿ ಎದೆಯಿಂದ ಕೆಳಗೆ ಒದ್ದೆ, ಚಡ್ಡಿ ಒದ್ದೆ, ಮೊಣಕಾಲಿನಿಂದ ನೀರು ಇಳಿದು ಬೂಟಿಗೆ ಹೋಗಿತ್ತು. ನಾನು ಹತ್ತಿರ ಹೋಗಿ ತಂಬಿಗೆಯೊಳಗೆ ನೋಡಿದೆ. ತಳ ಕಾಣುತ್ತಿತ್ತು. ಆದರೆ ಅವರ ಕೈಗಳು ಮಟ್ಟಸವಾಗಿ ಇದ್ದವು, ಕಂಠಮಟ್ಟ ತುಂಬಿದ ತಂಬಿಗೆಯನ್ನು ಹಿಡಿದವರ ಹಾಗೆ.

"ಮಾಸ್ತರ್ರ, ತಂಬಗಿ ಇತ್ತ ಕೊಡ್ರಿ," ಎಂದೆ.

"ಬ್ಯಾಡ ತಂಗಿ," ಎಂದರು ಅವರು. "ಚೆಲ್ಲತೈತಿ."

ಅದು ಚೇಷ್ಟೆಗೆ ಹೇಳಿದ್ದಲ್ಲ. ಚೇಷ್ಟೆ ಮಾಡುವಾಗ ಅವರ ಎಡಗಣ್ಣು ಸ್ವಲ್ಪ ಸಣ್ಣದಾಗುತ್ತಿತ್ತು, ಆಗ ಆಗಿರಲಿಲ್ಲ. ನಾನು ತಂಬಿಗೆಯನ್ನು ಹಾಗೇ ಬಿಟ್ಟೆ. ಅದನ್ನು ಹಿಡಿದುಕೊಂಡೇ ಅವರು ಹೊಲದಿಂದ ಮನೆಯವರೆಗೆ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟು ನಡೆದರು. ನಾನು ಪಕ್ಕದಲ್ಲಿ ನಡೆದೆ. ಬದುವು ಬಂದಲ್ಲಿ ಮೆಲ್ಲಗೆ ಎಂದೆ, ತಗ್ಗು ಬಂದಲ್ಲಿ ನೋಡಿರಿ ಎಂದೆ. ಮನೆಯ ಬಾಗಿಲಲ್ಲಿ ಅವರು ತಂಬಿಗೆಯನ್ನು ನೆಲಕ್ಕಿಟ್ಟು, ಒಳಗೆ ಬಗ್ಗಿ ನೋಡಿ, ಅದರ ಪಕ್ಕದಲ್ಲೇ ಕುಳಿತರು. ಆಮೇಲೆ ಹಸಿವಾಗಿದೆ ಎಂದರು.

ಭಕ್ರಿ ನಿನ್ನೆಯದು, ಪಲ್ಯವೂ ನಿನ್ನೆಯದು. ನಮ್ಮಲ್ಲಿ ತಂಗಳು ಉಣ್ಣುವುದಿಲ್ಲ. ಹೊಸದಾಗಿ ಮಾಡುತ್ತೇವೆ ಎಂದು ನಾನೂ ಕಾಕುವೂ ಹೇಳುತ್ತಲೇ ಇದ್ದೆವು, ಅವರು ಅವೆರಡನ್ನೂ ಒಂದೇ ತಾಟಿಗೆ ಹಾಕಿಸಿಕೊಂಡು, ಹಳಸಿದ ಪಲ್ಯವನ್ನು ಪೂರ್ತಿ ಉಂಡರು. ಇದು ನಿನ್ನೆಯ ಫೀ ಎಂದರು. ಆಮೇಲೆ ನಾವು ಹೊಸದಾಗಿ ಮಾಡಿದ್ದನ್ನೂ ಉಂಡರು. ಅದು ಇವತ್ತಿನದಂತೆ. ಸಂಜೆಗೆ ಅವರ ಹೊಟ್ಟೆ ಕೆಟ್ಟಿತು. ಅವರು ನಮ್ಮ ಹಿತ್ತಿಲಿಗೂ ಕಾಕಾನ ಹಿತ್ತಿಲಿಗೂ ಓಡಾಡಿದರು, ತಂಬಿಗೆ ಹಿಡಿದುಕೊಂಡೇ. ಅಷ್ಟರಲ್ಲಿ ನಮ್ಮ ಕಬ್ಬಿನ ಮೊದಲ ಟ್ರೇಲರ್ ಊರು ದಾಟಿ ಹೋಗಿತ್ತು. ಮಾವನವರು ಮಡ್‌ಗಾರ್ಡಿನ ಮೇಲೆ ಕುಳಿತು, ಎದುರು ಬಂದವರಿಗೆಲ್ಲ ಬ್ರೇಕಿನ ಗುಣ ಹೇಳುತ್ತ ಹೋದರಂತೆ.

ಆಮೇಲೂ ಅವರು ಊರೂರು ತಿರುಗಿ ಪಾಠ ಹೇಳಿದರು. ಟೊಪ್ಪಿಗೆ ಬದಲಿಸುವ ಪಾಠವನ್ನು ಮಾತ್ರ ನಾಟಕದ ಗೀಳಿರುವ ಊರುಗಳಲ್ಲಿ ಬಿಟ್ಟರು ಎಂದು ಕೇಳಿದ್ದೇನೆ. ವರ್ಷಕ್ಕೊಮ್ಮೆ ನಮ್ಮ ಮನೆಗೆ ಬರುತ್ತಿದ್ದರು, ಒಂದು ಸ್ಟಾಪು ಮೊದಲೇ ಇಳಿದು. ಟ್ರ್ಯಾಕ್ಟರಿನ ಸಪ್ಪಳ ಕೇಳಿದರೆ ಆಗಲೂ ಹಾರುತ್ತಿದ್ದರು. ಆ ದಿನದ ಮಾತು ಬಂದರೆ ಮಾವನವರು ಹನಿ ಚೆಲ್ಲಲಿಲ್ಲ ಎನ್ನುತ್ತಿದ್ದರು, ಕಾಕಾ ಎಲ್ಲ ಚೆಲ್ಲಿತ್ತು ಎನ್ನುತ್ತಿದ್ದರು. ಮಾಸ್ತರರು ಇಬ್ಬರ ಮುಖವನ್ನೂ ನೋಡಿ ಚಹಾ ಕುಡಿಯುತ್ತಿದ್ದರು.

ಸಭೆಯಲ್ಲಿ ನಾನು ತಂಬಿಗೆ ಹಿಡಿದು ಮೊದಲು ಇಬ್ಬರಿಗೂ ಒಂದೊಂದು ಪ್ರಶ್ನೆ ಕೇಳಿದೆ. ಮಾವ, ನೀವು ಎಲ್ಲಿ ನಿಂತಿದ್ದಿರಿ? ಮಾಸ್ತರರ ಬೆನ್ನ ಹಿಂದೆ ಎಂದು ಅವರು ಒಪ್ಪಿದರು. ಕಾಕಾ, ನೀವು ಎದುರಿಗೇ ಇದ್ದಿರಿ, ನೀವು ಕಂಡಿರಾ? ಕಾಕಾ ಸ್ವಲ್ಪ ಹೊತ್ತು ಟೊಪ್ಪಿಗೆ ಸರಿ ಮಾಡಿಕೊಂಡರು.

"ನಾ ಕಣ್ಣ ಮುಚ್ಚಿದ್ನೆವಾ," ಎಂದರು. "ಅಂದಾಜಲೆ ಹೇಳಾಕತ್ತೀನಿ."

ಪಡಸಾಲೆಯ ತುಂಬ ನಗು ಎದ್ದಿತು. ಅದು ಇಳಿಯುವವರೆಗೆ ನಿಂತಿದ್ದು, ನಾನು ಕಂಡದ್ದನ್ನು ಹೇಳಿದೆ. ಅಂಗಿ ಒದ್ದೆಯಾಗಿದ್ದು ಹೇಳಿದೆ, ತಳ ಕಂಡದ್ದು ಹೇಳಿದೆ, ಕೈಗಳು ಮಟ್ಟಸವಾಗಿ ಇದ್ದದ್ದು ಹೇಳಿದೆ. ಬೇಡ ತಂಗಿ, ಚೆಲ್ಲುತ್ತದೆ ಎಂದು ಅವರು ಅಂದದ್ದನ್ನು ಹೇಳುವಾಗ ನನ್ನ ಕಾಲಿಗೆ ತಣ್ಣಗೆ ಏನೋ ತಾಗಿತು. ಕೆಳಗೆ ನೋಡಿದೆ. ಸೀರೆಯ ನಿರಿಗೆ ತೊಯ್ದಿತ್ತು, ಪಾದದ ಸುತ್ತ ನೀರು ನಿಂತಿತ್ತು.

ಇನ್ನೂ ಹೇಳಬೇಕಾದದ್ದು ಇತ್ತು. ಅವರು ಹೊಲದಿಂದ ಮನೆಯವರೆಗೆ ನಡೆದದ್ದನ್ನು ನಾನು ಹೇಳಿರಲೇ ಇಲ್ಲ. ಆದರೆ ಚೆಲ್ಲಿದ ಮೇಲೆ ಮಾತು ಮುಗಿಯಿತು, ಅದು ಅವರದೇ ನಿಯಮ. ತಂಬಿಗೆಯನ್ನು ಫೋಟೋದ ಮುಂದೆ ಇಟ್ಟು ನಾನು ಕುಳಿತುಕೊಂಡೆ.